ಅಮ್ಮನ ಆರೈಕೆಗೆ ತಿಂಗಳಿಗೆ ಎಷ್ಟು ಬೇಕು?

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ಅಂಚೆ ಇಲಾಖೆಯಲ್ಲಿದ್ದ ತಂದೆ ತೀರಿಕೊಂಡು ಹತ್ತು ವರ್ಷವಾಯಿತು. ಅಂದಿನಿಂದ ಅಮ್ಮ ಸಾಗರದ ನಮ್ಮ ಮನೆಯಲ್ಲಿ ಒಬ್ಬರೇ ಇದ್ದರು. ಎರಡು ತಿಂಗಳ ಹಿಂದೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಈಗ ಬೆಂಗಳೂರಿನಲ್ಲಿ ನಮ್ಮ ಜೊತೆ ಇದ್ದಾರೆ. ವಾಕರ್ ಹಿಡಿದು ನಡೆಯುತ್ತಾರೆ, ಸ್ನಾನಕ್ಕೂ ಶೌಚಕ್ಕೂ ಯಾರಾದರೂ ಜೊತೆಗಿರಬೇಕು. ಆಸ್ಪತ್ರೆಯಿಂದ ಬಂದ ಮೇಲೆ ಮರೆವು ಹೆಚ್ಚಾಗಿದೆ. ರಾತ್ರಿ ಎದ್ದು ‘ಅಪ್ಪ ಬಂದರಾ’ ಎಂದು ಕೇಳುತ್ತಾರೆ. ನಾನೂ ನನ್ನ ಯಜಮಾನರೂ ಇಬ್ಬರೂ ಕೆಲಸಕ್ಕೆ ಹೋಗುವವರು. ಏಜೆನ್ಸಿಯ ಕೇರ್‌ಟೇಕರ್‌ಗೆ ತಿಂಗಳಿಗೆ 32 ಸಾವಿರ ಕೊಡುತ್ತಿದ್ದೇವೆ, ಈಗಾಗಲೇ ಮೂವರು ಬದಲಾಗಿದ್ದಾರೆ. ಎರಡು ಅಸಿಸ್ಟೆಡ್ ಲಿವಿಂಗ್ ಹೋಮ್‌ಗಳನ್ನು ನೋಡಿದೆವು. ಒಂದರಲ್ಲಿ 5 ಲಕ್ಷ ಠೇವಣಿ, ತಿಂಗಳಿಗೆ 42 ಸಾವಿರ. ಇನ್ನೊಂದರಲ್ಲಿ 2 ಲಕ್ಷ ಠೇವಣಿ, ‘ಎಲ್ಲ ಸೇರಿ’ 68 ಸಾವಿರ. ಅಮ್ಮನ ಕುಟುಂಬ ಪಿಂಚಣಿ 24 ಸಾವಿರ, ಬ್ಯಾಂಕಿನಲ್ಲಿ 18 ಲಕ್ಷ ಇದೆ. ವಿಮೆಯಲ್ಲಿ ಇದೆಲ್ಲ ಸಿಗುತ್ತದೆ ಎಂದು ಒಬ್ಬರು, ಸಾಗರದ ಮನೆ ಮಾರಿಬಿಡಿ ಎಂದು ಇನ್ನೊಬ್ಬರು ಹೇಳುತ್ತಾರೆ. ಮನೆಯನ್ನು ತನ್ನ ಹೆಸರಿಗೆ ಮಾಡಿಕೊಟ್ಟರೆ ಖರ್ಚೆಲ್ಲ ತಾನೇ ನೋಡಿಕೊಳ್ಳುತ್ತೇನೆ ಎಂದು ಜರ್ಮನಿಯಲ್ಲಿರುವ ತಮ್ಮ ಹೇಳುತ್ತಾನೆ. ಇರುವ ಹಣ ಎಷ್ಟು ವರ್ಷ ಬಂದೀತು? ಸರ್ಕಾರದಿಂದ ಏನಾದರೂ ಸಹಾಯ ಇದೆಯೇ? ಹೋಮ್‌ಗೆ ಸೇರಿಸಿದರೆ ಅಮ್ಮನನ್ನು ಕೈಬಿಟ್ಟಂತಾಗುತ್ತದೆಯೇ ಎಂಬ ಅಳುಕೂ ಇದೆ.
— ಒಬ್ಬ ಓದುಗರು, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಮ್ಮನಿಗೆ ನಿಜವಾಗಿ ಎಷ್ಟು ಆರೈಕೆ ಬೇಕು ಎಂಬುದು ಮೊದಲನೆಯದು, ಅದಕ್ಕೆ ಎಷ್ಟು ಹಣ ಬೇಕು ಎಂಬುದು ಎರಡನೆಯದು, ಆ ಹಣವನ್ನು ಯಾವ ಆಸ್ತಿಯಿಂದ ತೆಗೆಯಬೇಕು ಎಂಬುದು ಮೂರನೆಯದು. ಇಪ್ಪತ್ತು ವರ್ಷಗಳಿಂದ ಹಿರಿಯರ ಆರೈಕೆಯ ಸಲಹೆಗಾರಳಾಗಿ ಆಸ್ಪತ್ರೆಗಳಲ್ಲೂ ಮನೆಗಳಲ್ಲೂ ಕೆಲಸ ಮಾಡಿರುವ ನಾನು ಕಂಡಂತೆ, ಹೆಚ್ಚಿನ ಕುಟುಂಬಗಳು ಮೂರನೆಯ ಪ್ರಶ್ನೆಯಿಂದ ಶುರುಮಾಡಿ, ಗಾಬರಿಯಲ್ಲಿ ಮನೆ ಮಾರಿ ಅಥವಾ ದೊಡ್ಡ ಠೇವಣಿ ಕಟ್ಟಿ, ಆಮೇಲೆ ಮೊದಲನೆಯ ಪ್ರಶ್ನೆಗೆ ಬರುತ್ತವೆ. ಆ ಕ್ರಮವನ್ನು ತಿರುಗಿಸಿದರೆ ನಿಮ್ಮ ಗೊಂದಲದ ಅರ್ಧ ಭಾಗ ಈ ತಿಂಗಳಲ್ಲೇ ಕಡಿಮೆಯಾಗುತ್ತದೆ.

ಅಳುಕಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ದಿಕ್ಕಿಲ್ಲದವರಿಗೆ ಆಶ್ರಯ ಕೊಡುವ ವೃದ್ಧಾಶ್ರಮ ಬೇರೆ. ನಡೆಯಲು, ಮೀಯಲು, ಮಾತ್ರೆ ನುಂಗಲು ಒಂದು ಕೈ ಬೇಕಾದವರಿಗೆ ಆ ಕೈಯನ್ನು ಹಗಲು ರಾತ್ರಿ ಒದಗಿಸುವ ಹೋಮ್ ಬೇರೆ. ನೆಂಟರು ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರೆ ಎಂಬುದಕ್ಕೆ ನೀವು ಉತ್ತರ ಹೇಳಬೇಕಾಗಿಲ್ಲ. ಆದರೆ ಅಮ್ಮನನ್ನು ಕೇಳದೆ ಸೇರಿಸಿದರೆ ಯಾವ ಹೋಮ್ ಆದರೂ ಅವರಿಗೆ ಆಶ್ರಮದಂತೆಯೇ ಕಾಣುತ್ತದೆ. ಆದ್ದರಿಂದ ಅವರನ್ನು ಕೇಳಿ. ಮರೆವು ಇದೆ ಎಂಬ ಕಾರಣಕ್ಕೆ ಕೇಳುವುದನ್ನು ಬಿಡಬೇಡಿ.

ಈಗ ಆರೈಕೆಯ ಅಳತೆಗೆ ಬರೋಣ. ಹಿರಿಯರಿಗೆ ಎಷ್ಟು ಸಹಾಯ ಬೇಕು ಎಂದು ಅಳೆಯಲು ವೈದ್ಯರು ಬಳಸುವ ಸರಳ ಪಟ್ಟಿಯೊಂದು 1963ರಿಂದ ಬಳಕೆಯಲ್ಲಿದೆ. ಅದರಲ್ಲಿ ಆರೇ ಅಂಶಗಳು: ಸ್ನಾನ, ಉಡುಪು, ಶೌಚ, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ ಬಾಯಿಗೆ ತಲುಪಿಸಿಕೊಳ್ಳುವುದು. ನಿಮ್ಮ ವಿವರಣೆಯಂತೆ ಅಮ್ಮನಿಗೆ ಸ್ನಾನ ಮತ್ತು ಶೌಚಕ್ಕೆ ಸಹಾಯ ಬೇಕು, ಏಳುವುದಕ್ಕೂ ಬಹುಶಃ ಸ್ವಲ್ಪ ಬೇಕು. ಹೋಮ್‌ಗಳು ‘ಲೆವೆಲ್’ ಎಂದು ಕರೆದು ಶುಲ್ಕ ನಿಗದಿ ಮಾಡುವುದೂ ಹೆಚ್ಚುಕಡಿಮೆ ಇದೇ ಅಂಶಗಳ ಮೇಲೆ. ಎರಡು ಅಂಶಗಳಲ್ಲಿ ಸಹಾಯ ಬೇಕಾದವರ ಬಿಲ್ಲಿಗೂ ಐದರಲ್ಲಿ ಬೇಕಾದವರ ಬಿಲ್ಲಿಗೂ ಬಹಳ ಅಂತರವಿರುತ್ತದೆ, ಮತ್ತು ಸೊಂಟದ ಮೂಳೆಯ ಶಸ್ತ್ರಚಿಕಿತ್ಸೆಯಾಗಿ ಎರಡೇ ತಿಂಗಳಾದವರ ಸ್ಥಿತಿ ಎರಡೂ ದಿಕ್ಕಿಗೆ ಬದಲಾಗಬಹುದು. ಮೊದಲ ಆರು ತಿಂಗಳ ಫಿಸಿಯೋಥೆರಪಿ ಚೆನ್ನಾಗಿ ನಡೆದರೆ ಎಷ್ಟೋ ಜನ ಸ್ನಾನಗೃಹಕ್ಕೆ ತಾವೇ ಹೋಗಿ ಬರುವಷ್ಟು ಚೇತರಿಸಿಕೊಳ್ಳುತ್ತಾರೆ. ನಡೆಯದೆ ಮಲಗಿಬಿಟ್ಟವರು ಅಷ್ಟೇ ಬೇಗ ಹಾಸಿಗೆ ಹಿಡಿಯುತ್ತಾರೆ. ಹಾಗಿರುವಾಗ ಇಂದಿನ ಸ್ಥಿತಿಯನ್ನೇ ಶಾಶ್ವತವೆಂದು ನಂಬಿ ಐದು ವರ್ಷದ ನಿರ್ಧಾರ ಮಾಡುವುದು ಆತುರವಾದೀತು.

ಮರೆವಿನ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ವಯಸ್ಸಾದವರಲ್ಲಿ ಕಾಣಿಸಿಕೊಳ್ಳುವ ಗೊಂದಲವನ್ನು ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಅದು ಹಗಲಿಗಿಂತ ರಾತ್ರಿ ಹೆಚ್ಚು, ಇದ್ದಕ್ಕಿದ್ದಂತೆ ಶುರುವಾಗುತ್ತದೆ, ಒಂದು ದಿನ ಇದ್ದಂತೆ ಮರುದಿನ ಇರುವುದಿಲ್ಲ, ಮತ್ತು ಕೆಲವರಲ್ಲಿ ಇಳಿಯಲು ವಾರಗಳಲ್ಲ, ತಿಂಗಳುಗಳೇ ಬೇಕಾಗುತ್ತವೆ. ಮೂತ್ರದ ಸೋಂಕು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ಬಿ12 ಕೊರತೆ, ಥೈರಾಯ್ಡ್ ತೊಂದರೆ, ನಿದ್ದೆಯ ಮಾತ್ರೆ ಇವೆಲ್ಲವೂ ಅದೇ ಚಿತ್ರವನ್ನು ತೋರಿಸಬಲ್ಲವು, ಮತ್ತು ಇವೆಲ್ಲಕ್ಕೂ ಚಿಕಿತ್ಸೆಯಿದೆ. ಮರೆವಿನ ಕಾಯಿಲೆಯಾದ ಡೆಮೆನ್ಷಿಯಾ ನಿಧಾನವಾಗಿ, ವರ್ಷಗಳ ಕಾಲ ಬೆಳೆಯುವಂಥದ್ದು. ಬೀಳುವುದಕ್ಕೆ ಮುಂಚೆಯೇ ಅಮ್ಮ ಒಲೆ ಆರಿಸುವುದನ್ನು, ದುಡ್ಡಿನ ಲೆಕ್ಕವನ್ನು, ಪರಿಚಿತರ ಹೆಸರನ್ನು ಮರೆಯುತ್ತಿದ್ದರೇ ಎಂದು ಸಾಗರದ ನೆರೆಯವರನ್ನು ವಿಚಾರಿಸಿ. ಈ ಮಾಹಿತಿ ವೈದ್ಯರಿಗೆ ಸ್ಕ್ಯಾನಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದುಂಟು. ಆಮೇಲೆ ಹಿರಿಯರ ವೈದ್ಯಕೀಯ ತಜ್ಞರ ಬಳಿ, ಅಥವಾ ನಿಮ್ಹಾನ್ಸ್‌ನಲ್ಲಿರುವ ಹಿರಿಯರ ಮನೋವೈದ್ಯಕೀಯ ಸೇವೆಯಲ್ಲಿ ಒಮ್ಮೆ ಪೂರ್ಣ ತಪಾಸಣೆ ಮಾಡಿಸಿ. ಡೆಮೆನ್ಷಿಯಾ ಎಂದು ಹೋಮ್‌ನ ಅರ್ಜಿಯಲ್ಲಿ ಒಮ್ಮೆ ಬರೆಸಿದರೆ ಅದಕ್ಕೆಂದೇ ಮೀಸಲಾದ, ಹೆಚ್ಚು ಶುಲ್ಕದ ವಿಭಾಗಕ್ಕೆ ಅಮ್ಮನನ್ನು ಕಳುಹಿಸುತ್ತಾರೆ. ಒಂದು ಮೂತ್ರ ಪರೀಕ್ಷೆಯಿಂದ ಬಗೆಹರಿಯಬಹುದಾಗಿದ್ದ ಗೊಂದಲಕ್ಕೆ ಒಂದು ಕುಟುಂಬ ಎಂಟು ತಿಂಗಳು ಆ ಶುಲ್ಕ ಕಟ್ಟಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ಲೆಕ್ಕ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಮಾಡೋಣ. 18 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಬಡ್ಡಿ ದರದಲ್ಲಿ, ಅಂದರೆ 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಶೇ 8.2ರಲ್ಲಿ ಎಣಿಸಿದರೆ ವರ್ಷಕ್ಕೆ 1,47,600, ತಿಂಗಳಿಗೆ 12,300 ರೂಪಾಯಿ ಬರುತ್ತದೆ. ಪಿಂಚಣಿ ಸೇರಿ 36,300. ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ತೆರೆಯಬಹುದಾದ ಈ ಯೋಜನೆಯಲ್ಲಿ ಗರಿಷ್ಠ 30 ಲಕ್ಷ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಆದರೆ ಇದರಲ್ಲಿ ಗಂಡ-ಹೆಂಡತಿ ಮಾತ್ರ ಜಂಟಿಯಾಗಬಹುದು; ಮಗಳಾದ ನೀವು ನಾಮಿನಿ ಆಗಬಹುದೇ ಹೊರತು ಅಮ್ಮ ಸಹಿ ಮಾಡಲಾರದ ದಿನ ಹಣ ತೆಗೆಯಲಾಗದು. ಆ ಕಾರಣದಿಂದ ಪೂರ್ತಿ 18 ಲಕ್ಷವನ್ನು ಅಲ್ಲಿಡಬೇಡಿ ಎಂದೇ ನನ್ನ ಸಲಹೆ. ಮೇಲಿನ ದರವನ್ನು ಅಳತೆಗೋಲಾಗಿ ಮಾತ್ರ ಬಳಸುತ್ತಿದ್ದೇನೆ.

ಮೊದಲನೆಯ ಹೋಮ್‌ಗೆ 5 ಲಕ್ಷ ಠೇವಣಿ ಕಟ್ಟಿದರೆ ಉಳಿಯುವುದು 13 ಲಕ್ಷ, ಅದರ ಬಡ್ಡಿ ತಿಂಗಳಿಗೆ ಸುಮಾರು 8,900, ಒಟ್ಟು ಆದಾಯ 32,900. ಖರ್ಚು 42 ಸಾವಿರ ಎಂದು ನೀವು ಅಂದುಕೊಂಡಿದ್ದೀರಿ. ಈ ಬಗೆಯ ಹೋಮ್‌ಗಳಲ್ಲಿ ಮೂಲ ಶುಲ್ಕದೊಳಗೆ ಕೋಣೆ, ಊಟ, ಬಟ್ಟೆ ಒಗೆಯುವುದು, ಹಗಲು ರಾತ್ರಿ ಒಬ್ಬ ನರ್ಸ್ ಕರೆಗೆ ಸಿಗುವುದು ಇಷ್ಟು ಮಾತ್ರ ಇರುವುದು ಸಾಮಾನ್ಯ. ಔಷಧಿ, ಡೈಪರ್, ಫಿಸಿಯೋಥೆರಪಿ, ಹೊರಗಿನ ವೈದ್ಯರ ಭೇಟಿ, ಆಸ್ಪತ್ರೆಗೆ ಕರೆದೊಯ್ಯುವ ವಾಹನ ಎಲ್ಲಕ್ಕೂ ಪ್ರತ್ಯೇಕ ಬಿಲ್ಲು. ಅವುಗಳಿಗೆ 13 ಸಾವಿರ ಎಂದು ಇಟ್ಟುಕೊಂಡರೆ 55 ಸಾವಿರ ಆಯಿತು. ಪ್ರತಿ ತಿಂಗಳು 22 ಸಾವಿರ ಕೊರತೆ. ಎರಡನೆಯ ಹೋಮ್‌ನಲ್ಲಿ 2 ಲಕ್ಷ ಠೇವಣಿಯ ನಂತರ ಆದಾಯ 34,900. ‘ಎಲ್ಲ ಸೇರಿ’ ಎಂದರೂ ಔಷಧಿ ಸೇರಿರುವುದಿಲ್ಲವಾದ್ದರಿಂದ ಖರ್ಚು 72 ಸಾವಿರ, ಕೊರತೆ 37 ಸಾವಿರ. ನಿಮ್ಮ ಮನೆಯಲ್ಲೇ ಕೇರ್‌ಟೇಕರ್ ಇಟ್ಟುಕೊಂಡರೆ 32 ಸಾವಿರದ ಮೇಲೆ ಅದೇ 13 ಸಾವಿರ ಸೇರಿ 45 ಸಾವಿರ, ಕೊರತೆ 8,700.

ಇದು ಮೊದಲ ವರ್ಷದ ಚಿತ್ರ. ಹೋಮ್ ವರ್ಷಕ್ಕೆ ಶೇ 8ರಷ್ಟು ಶುಲ್ಕ ಏರಿಸಿದರೆ 42 ಸಾವಿರ ಐದು ವರ್ಷದ ಹೊತ್ತಿಗೆ 61,700 ಆಗುತ್ತದೆ, 68 ಸಾವಿರ ಒಂದು ಲಕ್ಷ ಮುಟ್ಟುತ್ತದೆ. ಒಂಬತ್ತು ವರ್ಷಕ್ಕೆ ಎರಡರಷ್ಟು. ಕೊರತೆಯನ್ನು ಅಸಲಿನಿಂದಲೇ ತುಂಬುತ್ತಾ ಹೋದರೆ ಎರಡನೆಯ ಹೋಮ್‌ನಲ್ಲಿ ಮೂರು ವರ್ಷ ತುಂಬುವಷ್ಟರಲ್ಲಿ 16 ಲಕ್ಷ ಕರಗಿರುತ್ತದೆ. ಮೊದಲನೆಯದರಲ್ಲಿ 13 ಲಕ್ಷ ನಾಲ್ಕು ವರ್ಷದ ಆಸುಪಾಸಿನಲ್ಲಿ ಮುಗಿಯುತ್ತದೆ, ಠೇವಣಿ ಪೂರ್ತಿ ಹಿಂದಕ್ಕೆ ಬಂದರೆ ಇನ್ನೊಂದು ವರ್ಷ. ಈ ಲೆಕ್ಕದಲ್ಲಿ ಅಮ್ಮನ ಪಿಂಚಣಿ ಮುಂದಿನ ವರ್ಷ ಹೆಚ್ಚುವುದನ್ನೂ ಸೇರಿಸಿದ್ದೇನೆ. ಅದು ಹೇಗೆ ಎಂಬುದೇ ನಿಮ್ಮ ಪತ್ರದಲ್ಲಿ ನೀವು ಗಮನಿಸದೆ ಬಿಟ್ಟಿರುವ ಒಳ್ಳೆಯ ಸುದ್ದಿ.

ಕೇಂದ್ರ ಸರ್ಕಾರಿ ನೌಕರರ ಕುಟುಂಬ ಪಿಂಚಣಿದಾರರಿಗೆ 80 ವರ್ಷ ತುಂಬಿದ ತಿಂಗಳಿನಿಂದ ಮೂಲ ಪಿಂಚಣಿಯ ಶೇ 20ರಷ್ಟು ಹೆಚ್ಚುವರಿ ಸಿಗುತ್ತದೆ; 85ಕ್ಕೆ ಅದು ಶೇ 30, 90ಕ್ಕೆ ಶೇ 40 ಆಗುತ್ತದೆ. ಹೆಚ್ಚುವರಿಯ ಮೇಲೂ ತುಟ್ಟಿ ಪರಿಹಾರ ಇರುವುದರಿಂದ ನಿಮ್ಮ ತಾಯಿಗೆ ತಿಂಗಳಿಗೆ ಸುಮಾರು 4,800 ಹೆಚ್ಚಾಗಬೇಕು. ಆದರೆ ಪಿಂಚಣಿ ಆದೇಶದಲ್ಲಿ ತಂದೆಯ ಜನ್ಮದಿನಾಂಕ ಇದ್ದು ತಾಯಿಯದು ಇಲ್ಲದಿರುವುದು ಹಳೆಯ ಪ್ರಕರಣಗಳಲ್ಲಿ ಬಹಳ ಸಾಮಾನ್ಯ, ಆಗ ಬ್ಯಾಂಕು ತಾನಾಗಿ ಏರಿಸುವುದಿಲ್ಲ. ಆದೇಶದ ಪ್ರತಿಯನ್ನು ಈಗಲೇ ತೆಗೆದು ನೋಡಿ, ದಿನಾಂಕ ಇಲ್ಲದಿದ್ದರೆ ವಯಸ್ಸಿನ ದಾಖಲೆ ಕೊಟ್ಟು ಸರಿಪಡಿಸಿಕೊಳ್ಳಿ. ವರ್ಷ ವರ್ಷದ ಜೀವಂತ ಪ್ರಮಾಣಪತ್ರಕ್ಕೆ ಅಮ್ಮನನ್ನು ಹೊತ್ತೊಯ್ಯಬೇಕಾಗಿಲ್ಲ. ಮೊಬೈಲಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಬಹುದು, 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 70 ದಾಟಿದವರಿಗೆ ಮನೆ ಬಾಗಿಲಿಗೆ ಮೂಲ ಬ್ಯಾಂಕಿಂಗ್ ಸೇವೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ.

ಎರಡನೆಯ ಒಳ್ಳೆಯ ಸುದ್ದಿ ಕೇಂದ್ರ ಸರ್ಕಾರಿ ಆರೋಗ್ಯ ಯೋಜನೆಯದು, ಅಂದರೆ ಸಿಜಿಎಚ್‌ಎಸ್‌ನದು. ಸಾಗರದಲ್ಲಿ ಅದರ ಚಿಕಿತ್ಸಾಲಯ ಇಲ್ಲದ ಕಾರಣ ಅಮ್ಮ ತಿಂಗಳಿಗೆ 1,000 ರೂಪಾಯಿ ನಿಗದಿತ ವೈದ್ಯಕೀಯ ಭತ್ಯೆ ಪಡೆಯುತ್ತಿರಬಹುದು. ಬೆಂಗಳೂರಿನಲ್ಲಿ ಯೋಜನೆ ಇದೆ. ವರ್ಷದ ಚಂದಾ ಕಟ್ಟಿ, ಅಥವಾ ಹತ್ತು ವರ್ಷದ ಚಂದಾ ಒಮ್ಮೆಲೇ ಕಟ್ಟಿ ಜೀವನಪರ್ಯಂತದ ಕಾರ್ಡ್ ಮಾಡಿಸಿಕೊಳ್ಳುವ ಅವಕಾಶವಿದೆ. ಆಗ ಹೊರರೋಗಿ ಚಿಕಿತ್ಸೆಗೆಂದು ಕೊಡುವ ಭತ್ಯೆಯನ್ನು ಬಿಡಬೇಕಾಗುತ್ತದೆ, ಆದರೆ ದಿನನಿತ್ಯದ ಔಷಧಿಯೂ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆಯೂ ಸಿಗುತ್ತವೆ. ಅವರ ಔಷಧಿ ಮತ್ತು ತಜ್ಞರ ಖರ್ಚನ್ನು ಎಣಿಸಿದರೆ ಇದು ಲಾಭದ ಬದಲಾವಣೆಯೇ. ಪಿಂಚಣಿ ಆದೇಶದ ಪ್ರತಿ ಹಿಡಿದು ಯೋಜನೆಯ ಬೆಂಗಳೂರು ಕಚೇರಿಯಲ್ಲಿ ಅರ್ಹತೆಯನ್ನು ಖಚಿತಪಡಿಸಿಕೊಳ್ಳಿ. 70 ದಾಟಿದ ಎಲ್ಲರಿಗೂ ಆದಾಯದ ಮಿತಿಯಿಲ್ಲದೆ 5 ಲಕ್ಷದವರೆಗಿನ ಆಸ್ಪತ್ರೆ ಚಿಕಿತ್ಸೆ ಕೊಡುವ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಕೇಂದ್ರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಆದರೆ ಸಿಜಿಎಚ್‌ಎಸ್ ಇರುವವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಮತ್ತು ಆಯುಷ್ಮಾನ್ ಒಳರೋಗಿ ಚಿಕಿತ್ಸೆಗೆ ಮಾತ್ರ. ನಿಮ್ಮ ತಾಯಿಯ ಮಟ್ಟಿಗೆ ಮೊದಲನೆಯದೇ ಮೇಲು.

ಇವೆರಡೂ ಆಸ್ಪತ್ರೆಯ ಖರ್ಚನ್ನು ಕೊಡುತ್ತವೆ, ಹೋಮ್‌ನ ಶುಲ್ಕವನ್ನು ಅಲ್ಲ. ವಿಮೆಯಲ್ಲಿ ಸಿಗುತ್ತದೆ ಎಂದು ಹೇಳಿದವರು ಪಾಲಿಸಿಯ ಸಣ್ಣಕ್ಷರವನ್ನು ಓದಿಲ್ಲ. ಸ್ನಾನ, ಉಡುಪು, ನಡಿಗೆಗೆ ಸಹಾಯ ಮಾಡುವ ಆರೈಕೆಯನ್ನು, ಅದು ಮನೆಯಲ್ಲಾಗಲಿ ಸಂಸ್ಥೆಯಲ್ಲಾಗಲಿ, ಆಸ್ಪತ್ರೆ ವಿಮೆಯಿಂದ ಹೊರಗಿಡುವುದು ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಪ್ರಮಾಣಿತ ವಿನಾಯಿತಿಗಳಲ್ಲಿ ಒಂದು, ಅದರ ಸಂಕೇತ ಎಕ್ಸ್‌ಕ್ಲ್ 05. 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು 2024ರ ಏಪ್ರಿಲ್‌ನಿಂದ ದಾರಿ ತೆರೆದಿರುವುದು ನಿಜ. ಆದರೆ ಆ ಪಾಲಿಸಿಯೂ ಈ ತಿಂಗಳ ಬಿಲ್ಲಿಗೆ ಒಂದು ರೂಪಾಯಿ ಕೊಡುವುದಿಲ್ಲ.

ಸರ್ಕಾರದ ಇತರ ಯೋಜನೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ವೃದ್ಧರಿಗೆ ಮಾಸಾಶನ ಕೊಡುವ ಸಂಧ್ಯಾ ಸುರಕ್ಷಾ, ವಾಕರ್ ಮತ್ತು ಗಾಲಿಕುರ್ಚಿ ಕೊಡುವ ರಾಷ್ಟ್ರೀಯ ವಯೋಶ್ರೀ, ಅನುದಾನಿತ ವೃದ್ಧಾಶ್ರಮ ಇವೆಲ್ಲ ಆದಾಯದ ಮಿತಿಗೆ ಒಳಪಟ್ಟವು. 24 ಸಾವಿರ ಪಿಂಚಣಿ ಇರುವವರಿಗೆ ಅನ್ವಯಿಸವು. ಮಧ್ಯಮ ವರ್ಗಕ್ಕೆ ಹೋಮ್ ಶುಲ್ಕ ಕಟ್ಟಿಕೊಡುವ ಯೋಜನೆಯನ್ನು ಹುಡುಕುತ್ತಾ ಸಮಯ ಕಳೆಯಬೇಡಿ. ದುಡ್ಡಿನ ಬದಲು ಮಾಹಿತಿ ಮತ್ತು ಮನುಷ್ಯರ ನೆರವು ಸಿಗುವ ಕೆಲವು ಜಾಗಗಳಿವೆ, ಅವನ್ನು ಬಳಸಿಕೊಳ್ಳಿ. ಕೇಂದ್ರದ ಎಲ್ಡರ್‌ಲೈನ್ ಸಂಖ್ಯೆ 14567. ನಗರ ಪೊಲೀಸರ ಜೊತೆ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ನಡೆಸುವ ಹಿರಿಯರ ಸಹಾಯವಾಣಿ 1090. ಇದೇ ಟ್ರಸ್ಟ್ ಡೆಮೆನ್ಷಿಯಾ ಆರೈಕೆಯಲ್ಲೂ ಕೆಲಸ ಮಾಡುತ್ತದೆ; ಮರೆವಿನ ಕಾಯಿಲೆಯವರ ಕುಟುಂಬಗಳಿಗಾಗಿ ಎಆರ್‌ಡಿಎಸ್‌ಐ ಎಂಬ ರಾಷ್ಟ್ರೀಯ ಸಂಸ್ಥೆಯ ಬೆಂಗಳೂರು ಶಾಖೆಯೂ ಇದೆ. ನಿಮಗೇ ನಿದ್ದೆ ಕೆಟ್ಟು, ಅಳು ಬರುವಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡುತ್ತಾರೆ. ಆರೈಕೆ ಮಾಡುವವರು ಕುಸಿದುಬಿದ್ದು ಇಡೀ ವ್ಯವಸ್ಥೆ ಒಂದೇ ವಾರದಲ್ಲಿ ಮುರಿದದ್ದನ್ನು ಅನೇಕ ಬಾರಿ ನೋಡಿರುವುದರಿಂದ ಇದನ್ನು ಉಪಚಾರಕ್ಕಾಗಿ ಹೇಳುತ್ತಿಲ್ಲ.

ಸಾಗರದ ಮನೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ದೊಡ್ಡ ತಪ್ಪು ಆಗುವುದು ಇಲ್ಲೇ. ಮನೆ ತಂದೆಯ ಸ್ವಯಾರ್ಜಿತವಾಗಿದ್ದು ಅವರು ಉಯಿಲು ಬರೆದಿರದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ತಾಯಿ, ನೀವು, ತಮ್ಮ ಮೂವರಿಗೂ ಸಮಪಾಲು (ತಂದೆ ತೀರಿಕೊಂಡಾಗ ಅವರ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು). ಖಾತೆ ಅಮ್ಮನ ಹೆಸರಿನಲ್ಲಿದೆ ಎಂದ ಮಾತ್ರಕ್ಕೆ ಮನೆಯೆಲ್ಲ ಅವರದಾಗುವುದಿಲ್ಲ, ಏಕೆಂದರೆ ಖಾತೆ ಕಂದಾಯದ ದಾಖಲೆಯೇ ಹೊರತು ಒಡೆತನದ ಪತ್ರವಲ್ಲ. ಹಾಗಾಗಿ ಅಮ್ಮ ನಿಮ್ಮ ತಮ್ಮನಿಗೆ ಬರೆದುಕೊಡಬಹುದಾದದ್ದು ತಮಗೆ ಬಂದ ಮೂರನೇ ಒಂದು ಪಾಲನ್ನು ಮಾತ್ರ. ಖರ್ಚು ನೋಡಿಕೊಳ್ಳುತ್ತೇನೆ ಎಂಬ ನಿಮ್ಮ ತಮ್ಮನ ಮಾತನ್ನು ನಾನು ಅನುಮಾನಿಸುವುದಿಲ್ಲ. ಆದರೆ ಬಾಯಿಮಾತಿನ ಮೇಲೆ ದಾನಪತ್ರ ಮಾಡಿಕೊಟ್ಟ ಹಿರಿಯರು, ಇಂಥ ದೂರುಗಳನ್ನು ಆಲಿಸುವ ಉಪವಿಭಾಗಾಧಿಕಾರಿಯ ಕಚೇರಿಯ ಬೆಂಚಿನ ಮೇಲೆ ಕೂತಿರುವುದನ್ನು ಬಹಳ ನೋಡಿದ್ದೇನೆ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮಿನಂತೆ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದಾಗ ಹಿಂಪಡೆಯಬಹುದು. ಅಂಥ ಷರತ್ತು ಇತ್ತೆಂದು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು, 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಎರಡನ್ನೂ ಒಟ್ಟಿಗೆ ಓದಿದರೆ ದಾರಿ ಸ್ಪಷ್ಟ: ಏನೇ ಬರೆದುಕೊಟ್ಟರೂ, ತಿಂಗಳಿಗೆ ಎಷ್ಟು ಹಣ, ಯಾವ ಬಗೆಯ ಆರೈಕೆ ಎಂಬುದನ್ನು ಪತ್ರದೊಳಗೇ ಬರೆಯಿಸಿ ನೋಂದಾಯಿಸಿ. ಅದೇ ಕಾಯ್ದೆಯಲ್ಲಿ ಮಕ್ಕಳಿಂದ ಜೀವನಾಂಶ ಕೇಳುವ ಅವಕಾಶವಿದೆಯಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಕಾಯ್ದೆಯೇ ಹಾಕಿರುವ ಗರಿಷ್ಠ ಮಿತಿ ತಿಂಗಳಿಗೆ 10 ಸಾವಿರ, ಅದೂ ತಮ್ಮ ಆದಾಯ ಮತ್ತು ಆಸ್ತಿಯಿಂದ ಬದುಕಲಾರದ ಹಿರಿಯರಿಗೆ. ಅಕ್ಕ-ತಮ್ಮಂದಿರ ನಡುವೆ ಖರ್ಚು ಹಂಚಲು ಮಾಡಿದ ಕಾಯ್ದೆ ಅದಲ್ಲ.

ಇನ್ನೊಂದು ಮಾತು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ರಾತ್ರಿ ಅಪ್ಪ ಬಂದರಾ ಎಂದು ಕೇಳುತ್ತಿರುವ ಸ್ಥಿತಿಯಲ್ಲಿ ಅಮ್ಮ ಮಾಡುವ ಯಾವ ಸಹಿಯನ್ನೂ ನಾಳೆ ಯಾರಾದರೂ ಪ್ರಶ್ನಿಸಬಹುದು. ತಪಾಸಣೆ ಮುಗಿದು, ಅವರಿಗೆ ತಿಳಿವಳಿಕೆ ಸರಿಯಾಗಿದೆ ಎಂಬ ವೈದ್ಯರ ಪ್ರಮಾಣಪತ್ರ ಕೈಗೆ ಬರುವವರೆಗೆ ಮಾರಾಟ, ದಾನ, ಉಯಿಲು ಯಾವುದನ್ನೂ ಮಾಡಿಸಬೇಡಿ. ಅಮ್ಮನ ಪರವಾಗಿ ವ್ಯವಹರಿಸುವ ಅಧಿಕಾರಪತ್ರವನ್ನು, ಅಂದರೆ ಜನರಲ್ ಪವರ್ ಆಫ್ ಅಟಾರ್ನಿಯನ್ನು ಬರೆಸಿಕೊಂಡರೆ ಸಾಕೆಂಬ ನಂಬಿಕೆಯೂ ಅರ್ಧ ಸತ್ಯ: 1872ರ ಕರಾರು ಕಾಯ್ದೆಯ 201ನೆಯ ಕಲಮಿನಂತೆ ಬರೆದುಕೊಟ್ಟವರ ಬುದ್ಧಿ ಸ್ವಸ್ಥವಿಲ್ಲದಾದರೆ ಆ ಅಧಿಕಾರವೇ ಮುಗಿದುಹೋಗುತ್ತದೆ, ಅಂದರೆ ಅದು ಅತ್ಯಗತ್ಯವಾದ ದಿನವೇ ಕೈಕೊಡುತ್ತದೆ. ಆಮೇಲೆ ಉಳಿಯುವುದು ಪಾಲಕರಾಗಿ ನೇಮಿಸಿ ಎಂದು ನ್ಯಾಯಾಲಯಕ್ಕೆ ಹೋಗುವ ದೂರದ ದಾರಿ. ಅಮ್ಮನಿಗೆ ತಿಳಿವಳಿಕೆ ಇರುವಾಗಲೇ ಬ್ಯಾಂಕಿನ ಎಫ್‌ಡಿಗಳಿಗೆ ನಿಮ್ಮ ಅಥವಾ ತಮ್ಮನ ಹೆಸರನ್ನು ‘ಇಬ್ಬರಲ್ಲಿ ಯಾರಾದರೂ’ ಎಂಬ ಷರತ್ತಿನೊಂದಿಗೆ ಸೇರಿಸುವುದು ಇದಕ್ಕಿಂತ ಸುಲಭದ ರಕ್ಷಣೆ.

ಮನೆ ಇಟ್ಟುಕೊಂಡೇ ಸಾಲ ಪಡೆಯುವ ರಿವರ್ಸ್ ಮಾರ್ಟ್‌ಗೇಜ್ ಕೂಡ ನಿಮಗೆ ಹೊಂದುವುದಿಲ್ಲ. 60 ದಾಟಿದವರು ತಾವು ಸ್ವತಃ ವಾಸಿಸುವ, ತಮ್ಮದೇ ಆದ ಮನೆಯ ಮೇಲೆ ಮಾತ್ರ ಅದನ್ನು ಪಡೆಯಬಹುದು, ಶಾಶ್ವತವಾಗಿ ಬೇರೆಡೆಗೆ ಹೋದರೆ ಸಾಲ ತೀರಿಸಬೇಕಾಗುತ್ತದೆ. ನನ್ನನ್ನು ಕೇಳಿದರೆ, ಸದ್ಯಕ್ಕೆ ಮನೆಯನ್ನು ಬಾಡಿಗೆಗೆ ಕೊಡಿ, ಕೊರತೆಯ ಒಂದು ಭಾಗವನ್ನು ಅದು ತುಂಬಲಿ. ಮಾರುವ ಅಗತ್ಯ ಬಂದರೂ ಮೂರನೆಯ ಅಥವಾ ನಾಲ್ಕನೆಯ ವರ್ಷದಲ್ಲಿ ಬರುತ್ತದೆ. ಅಷ್ಟರಲ್ಲಿ ಮೂವರ ಹೆಸರಿಗೆ ಕಾಗದಪತ್ರ ಸರಿಮಾಡಿಕೊಂಡಿದ್ದರೆ ಬಂದ ಬೆಲೆಗೆ ಬಿಟ್ಟುಕೊಡುವ ಒತ್ತಡ ಇರುವುದಿಲ್ಲ.

ಹಾಗಾದರೆ ಅಮ್ಮನನ್ನು ಎಲ್ಲಿ ಇರಿಸುವುದು? ಕಾಗದದ ಮೇಲೆ ನಿಮ್ಮ ಮನೆಯೇ ಅಗ್ಗ. ಆದರೆ ಆ 45 ಸಾವಿರದಲ್ಲಿ ಕೇರ್‌ಟೇಕರ್ ರಜೆ ಹಾಕಿದ ದಿನ ನೀವು ಕಳೆದುಕೊಳ್ಳುವ ಸಂಬಳವಿಲ್ಲ, ಅವರ ಊಟವಿಲ್ಲ, ನಿಮ್ಮ ನಿದ್ದೆಯಂತೂ ಇಲ್ಲವೇ ಇಲ್ಲ. ಇಪ್ಪತ್ತನಾಲ್ಕು ಗಂಟೆಯ ಕೇರ್‌ಟೇಕರ್ ಎಂದರೆ ರಾತ್ರಿ ಮಲಗುವ ಮನುಷ್ಯರೇ. ಮೂರು ಸಲ ಎದ್ದೇಳಬೇಕಾದ ಕಡೆ ಅವರು ನಿಲ್ಲದಿರುವುದು ಅವರ ತಪ್ಪಲ್ಲ. ಮೂವರು ಬದಲಾದದ್ದಕ್ಕೆ ಕಾರಣ ಅದೇ ಇರಬಹುದು. ರಾತ್ರಿಯ ಗೊಂದಲ ಚಿಕಿತ್ಸೆಯಿಂದ ಇಳಿದರೆ ನಾಲ್ಕನೆಯವರು ನಿಲ್ಲಬಹುದು. ಮನೆಯಲ್ಲಿನ ಇನ್ನೊಂದು ಅಪಾಯ ಮತ್ತೆ ಬೀಳುವುದು. ಬಚ್ಚಲಿನಲ್ಲಿ ಹಿಡಿಕೆ, ಜಾರದ ನೆಲ, ಎತ್ತರದ ಕಮೋಡ್, ಹಾಸಿಗೆಯಿಂದ ಬಾಗಿಲವರೆಗೆ ರಾತ್ರಿ ದೀಪ ಹಾಕಿಸಲು ಒಂದು ತಿಂಗಳ ಹೋಮ್ ಶುಲ್ಕಕ್ಕಿಂತ ಕಡಿಮೆ ಖರ್ಚಾಗುತ್ತದೆ. ಇದನ್ನು ಈ ವಾರವೇ ಮಾಡಿಸಿ.

ಎರಡನೆಯ ಹೋಮ್ ನಿಮ್ಮ ಶಕ್ತಿಗೆ ಮೀರಿದ್ದು, ನಿಮ್ಮ ತಮ್ಮ ತಿಂಗಳಿಗೆ ಇಪ್ಪತ್ತು ಸಾವಿರಕ್ಕೂ ಮೇಲ್ಪಟ್ಟು ಕಳುಹಿಸುವ ಲಿಖಿತ ಒಪ್ಪಂದ ಇಲ್ಲದಿದ್ದರೆ ಅತ್ತ ನೋಡಬೇಡಿ. ಹಣ ಮುಗಿದು 83ನೆಯ ವಯಸ್ಸಿನಲ್ಲಿ ಪರಿಚಿತ ಜಾಗದಿಂದ ಎಬ್ಬಿಸಿ ಬೇರೆಡೆಗೆ ಸಾಗಿಸುವುದು, ಮೊದಲಿನಿಂದಲೇ ಸಾಧಾರಣ ಹೋಮ್‌ನಲ್ಲಿ ಇರಿಸುವುದಕ್ಕಿಂತ ಕಠಿಣ. ಮೊದಲನೆಯ ಹೋಮ್ ಸಾಧ್ಯವಿರುವ ಆಯ್ಕೆ, ಆದರೆ 5 ಲಕ್ಷ ಠೇವಣಿಯ ಷರತ್ತುಗಳನ್ನು ನೋಡದೆ ಒಪ್ಪಬೇಡಿ. ‘ಹಿಂದಿರುಗಿಸಲಾಗುವುದು’ ಎಂಬ ಪದದ ಹಿಂದೆ ವರ್ಷಕ್ಕಿಷ್ಟು ಎಂದು ಕಡಿತ, ಕೋಣೆ ದುರಸ್ತಿಯ ಕಡಿತ, ಮುಂದಿನವರು ಬಂದ ಮೇಲೆಯೇ ಕೊಡುವುದು ಎಂಬ ಷರತ್ತುಗಳು ಅಡಗಿರುತ್ತವೆ. ತಂದೆ ತೀರಿಕೊಂಡು ಹನ್ನೊಂದು ತಿಂಗಳಾದರೂ ಠೇವಣಿ ಬಾರದೆ ಮಗ ಅಲೆದದ್ದನ್ನು ನೋಡಿದ್ದೇನೆ. ಒಪ್ಪಂದದಲ್ಲಿ ಗಡುವೇ ಇರಲಿಲ್ಲ. ಎಷ್ಟು ದಿನದಲ್ಲಿ ಎಷ್ಟು ವಾಪಸು, ಶುಲ್ಕ ವರ್ಷಕ್ಕೆ ಗರಿಷ್ಠ ಎಷ್ಟು ಏರಬಹುದು, ಅಮ್ಮ ಆಸ್ಪತ್ರೆಯಲ್ಲಿರುವ ದಿನಗಳಿಗೂ ಪೂರ್ಣ ಶುಲ್ಕವೇ, ಆರೈಕೆಯ ಲೆವೆಲ್ ಏರಿದೆ ಎಂದು ತೀರ್ಮಾನಿಸುವವರು ಯಾರು, ರಾತ್ರಿ ಎಷ್ಟು ಜನರಿಗೆ ಒಬ್ಬ ಸಿಬ್ಬಂದಿ, ಯಾವ ಸ್ಥಿತಿ ಬಂದರೆ ಅವರು ಇರಿಸಿಕೊಳ್ಳುವುದಿಲ್ಲ ಎಂಬುದನ್ನು ಬರೆದುಕೊಡಲು ಹೇಳಿ. ಕೊನೆಯ ಪ್ರಶ್ನೆಗೆ ತಡವರಿಸುವ ಹೋಮ್ ಅಮ್ಮ ಹಾಸಿಗೆ ಹಿಡಿದ ದಿನ ನಿಮಗೆ ಫೋನ್ ಮಾಡಿ ಕರೆದುಕೊಂಡು ಹೋಗಿ ಎನ್ನುವ ಹೋಮ್. ನಿವೃತ್ತರ ವಸತಿಗಳಿಗೆ ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಹೊರಡಿಸಿದ್ದು ಮಾದರಿ ಮಾರ್ಗಸೂಚಿಯಷ್ಟೇ, ಆದ್ದರಿಂದ ನಿಮ್ಮ ಕೈಯಲ್ಲಿರುವ ಒಪ್ಪಂದವೇ ನಿಮ್ಮ ಮುಖ್ಯ ರಕ್ಷಣೆ. ತಕರಾರು ಬಂದರೆ ಅದನ್ನು ಹಿಡಿದು ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ವಕೀಲರು ಬೇಕೆಂದೇನಿಲ್ಲ. ವೈದ್ಯಕೀಯ ಚಿಕಿತ್ಸೆಯನ್ನೂ ಕೊಡುತ್ತೇವೆ ಎಂದು ಹೋಮ್ ಹೇಳಿಕೊಂಡರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನು, ಅಂದರೆ ಕೆಪಿಎಂಇ ನೋಂದಣಿಯನ್ನು ತೋರಿಸಲು ಕೇಳಿ.

ನಾನಾದರೆ ಮಾಡುತ್ತಿದ್ದುದು ಹೀಗೆ. ಮುಂದಿನ ಮೂರು ತಿಂಗಳು ಅಮ್ಮ ನಿಮ್ಮ ಮನೆಯಲ್ಲೇ ಇರಲಿ. ವಾರಕ್ಕೆ ಮೂರು ದಿನವಾದರೂ ಫಿಸಿಯೋಥೆರಪಿ ನಡೆಯಲಿ, ಗೊಂದಲಕ್ಕೆ ತಪಾಸಣೆಯಾಗಲಿ, ಪಿಂಚಣಿ ಮತ್ತು ಸಿಜಿಎಚ್‌ಎಸ್ ಕಾಗದಗಳು ಸರಿಯಾಗಲಿ. ಇದರ ನಡುವೆ ಒಮ್ಮೆ ಮೊದಲನೆಯ ಹೋಮ್‌ನಲ್ಲಿ ಠೇವಣಿಯಿಲ್ಲದೆ ಎರಡು ವಾರದ ತಾತ್ಕಾಲಿಕ ವಾಸಕ್ಕೆ ಕೇಳಿ. ಅನೇಕ ಹೋಮ್‌ಗಳು ದಿನದ ಲೆಕ್ಕದಲ್ಲಿ ಇದಕ್ಕೆ ಒಪ್ಪುತ್ತವೆ. ನಿಮಗೂ ಉಸಿರಾಡಲು ಬಿಡುವು ಸಿಗುತ್ತದೆ, ಅಮ್ಮನಿಗೂ ಜಾಗ ಹೇಗಿದೆ ಎಂದು ತಿಳಿಯುತ್ತದೆ. ಆ ಎರಡು ವಾರದಲ್ಲಿ ಹೇಳದೆ ಕೇಳದೆ ಒಂದು ಸಂಜೆ ಏಳು ಗಂಟೆಯ ಮೇಲೆ ಹೋಗಿ ನೋಡಿ, ಏಕೆಂದರೆ ಹಗಲಿನ ಸಿಬ್ಬಂದಿ ಮನೆಗೆ ಹೋದ ಮೇಲೆಯೇ ಹೋಮ್‌ನ ನಿಜವಾದ ಸ್ಥಿತಿ ಕಾಣುವುದು. ಕರೆಗಂಟೆ ಒತ್ತಿದರೆ ಎಷ್ಟು ನಿಮಿಷಕ್ಕೆ ಜನ ಬರುತ್ತಾರೆ ಎಂದು ಗಡಿಯಾರ ನೋಡಿ, ಅಮ್ಮನ ಬೆನ್ನಿನ ಕೆಳಭಾಗ ಕೆಂಪಾಗಿದೆಯೇ ಪರೀಕ್ಷಿಸಿ, ಹಗಲು ಎಷ್ಟು ಹೊತ್ತು ನಡೆಸಿದರು ಎಂದು ಅಮ್ಮನನ್ನೂ ಪಕ್ಕದ ಹಾಸಿಗೆಯವರನ್ನೂ ಬೇರೆ ಬೇರೆಯಾಗಿ ಕೇಳಿ. ಮೂರು ತಿಂಗಳ ನಂತರ ಆ ಆರು ಅಂಶಗಳ ಪಟ್ಟಿಯನ್ನು ಮತ್ತೆ ಭರ್ತಿ ಮಾಡಿ, ಆಗ ಬಂದ ಉತ್ತರವನ್ನು ಇಟ್ಟುಕೊಂಡು ತಮ್ಮನ ಜೊತೆ ಮಾತಿಗೆ ಕೂತುಕೊಳ್ಳಿ.